ತಾಕೆತೋಮಿಯ ಗಬ್ಬದ ಎಮ್ಮೆ

ನಮ್ಮ ಅಡಿಗೆಮನೆಯ ಕಿಟಕಿಯಲ್ಲಿ, ಸಾಸಿವೆ ಡಬ್ಬಿಗೂ ಇಂಗಿನ ಡಬ್ಬಿಗೂ ನಡುವೆ, ಕಿರುಬೆರಳಿನ ಗಾತ್ರದ ಒಂದು ಗಾಜಿನ ಸೀಸೆ ಕೂತಿದೆ. ನ್ಯೂಜಿಲೆಂಡಿನ ಈ ಪಾಮರ್ಸ್ಟನ್ ನಾರ್ತಿನಲ್ಲಿರುವ ಕನ್ನಡದ ಹೆಂಗಸರೆಲ್ಲ ಒಂದಲ್ಲ ಒಂದು ದಿನ ಅದನ್ನು ನೋಡಿ ಮೋಸಹೋದವರೇ. "ಅಯ್ಯೋ, ಬಿಳೀ ಗಸಗಸೆ! ಎಲ್ಲಿ ಸಿಕ್ತು ರೀ ನಿಮಗೆ? ಇಲ್ಲೆಲ್ಲ ಬರೀ ಕರೀದೇ ಸಿಗೋದು" ಎಂದು ಕಣ್ಣರಳಿಸುತ್ತಾರೆ. ಒಬ್ಬರಂತೂ ನಾನು ಬಾಗಿಲು ತೆಗೆದು ಬರುವಷ್ಟರಲ್ಲಿ ಬಿರಡೆ ಬಿಚ್ಚಿ, ಒಲೆಯ ಮೇಲಿದ್ದ ಪಾಯಸಕ್ಕೆ ಅದನ್ನು ಸುರಿಯಲು ಸಿದ್ಧರಾಗಿ ನಿಂತಿದ್ದರು. ಹಾರಿ ಹೋಗಿ ಕೈ ಹಿಡಿದುಕೊಂಡೆ. ಅದು ಮರಳು ತಾಯೀ, ಮರಳು ಎಂದರೂ ಅವರು ನಂಬಲಿಲ್ಲ. ಗಸಗಸೆ ಹಂಚಿಕೊಳ್ಳಲು ಮನಸ್ಸಿಲ್ಲದೆ ಹಾಗೆ ಹೇಳುತ್ತಿದ್ದೇನೆ ಎಂದುಕೊಂಡು ಸ್ವಲ್ಪ ದಿನ ಫೋನು ಕೂಡ ಮಾಡಲಿಲ್ಲ.

ಮರಳೇ ಹೌದು, ಆದರೆ ಬೆಳಕಿಗೆ ಹಿಡಿದು ನೋಡಿದರೆ ಒಂದೊಂದು ಕಾಳಿಗೂ ಐದಾರು ಮೊನೆ, ಥೇಟ್ ನಕ್ಷತ್ರದ ಆಕಾರ. ಸಮುದ್ರದಲ್ಲಿ ಬದುಕಿ ಸತ್ತ ಅತಿ ಸಣ್ಣ ಜೀವಿಗಳ ಚಿಪ್ಪುಗಳೇ ಅವು. ಜಪಾನಿನ ಬಾಲದ ತುದಿಯಲ್ಲಿ, ತೈವಾನಿಗೆ ಹತ್ತಿರವಾಗಿ, ತಾಕೆತೋಮಿ ಎಂಬ ಪುಟ್ಟ ದ್ವೀಪವಿದೆ. ಅಲ್ಲಿಂದ ಬಂದದ್ದು ಈ ಸೀಸೆ. ಆ ದ್ವೀಪಕ್ಕೆ ಜನ ಹೋಗುವುದು ಈ ಮರಳು ನೋಡಲು, ಹವಳದ ಕಲ್ಲಿನ ಗೋಡೆಗಳನ್ನು ನೋಡಲು, ಕೆಂಪು ಹೆಂಚಿನ ಮನೆಗಳ ಮೇಲೆ ಹಲ್ಲು ಕಿರಿದುಕೊಂಡು ಕೂತ ಮಣ್ಣಿನ ಸಿಂಹಗಳನ್ನು ನೋಡಲು. ನಮ್ಮ ಮನೆಮಂದಿ ಮಾತ್ರ ಸಮುದ್ರಗಳನ್ನು ದಾಟಿ ಹೋಗಿ ನೋಡಿದ್ದು ಒಂದು ಎಮ್ಮೆಯನ್ನು. ಅದರ ಕಥೆ ಹೇಳಬೇಕೆಂದರೆ ನಮ್ಮಪ್ಪನಿಂದ ಶುರುಮಾಡಬೇಕು. ಸ್ವಲ್ಪ ಸುತ್ತು ದಾರಿಯಾಯಿತು, ಸಹಿಸಿಕೊಳ್ಳಿ.

ಅಪ್ಪ ಮೈಸೂರಿನಲ್ಲಿ ಹೈಸ್ಕೂಲು ಮೇಷ್ಟರಾಗಿದ್ದರು. ಊರು ನೋಡುವುದು ಅವರಿಗೆ ಸಂತೋಷದ ವಿಷಯವಾಗಿರಲಿಲ್ಲ, ಪೋರ್ಷನ್ ಮುಗಿಸುವ ಹಾಗೆ ಮುಗಿಸಬೇಕಾದ ಕೆಲಸವಾಗಿತ್ತು. ರಜೆ ಬಂತೆಂದರೆ ನಾಲ್ಕು ಸಂಸಾರ ಸೇರಿ ಒಂದು ಮೆಟಡಾರ್ ಗೊತ್ತುಮಾಡಿ ಬೆಳಕು ಹರಿಯುವ ಮುಂಚೆ ಹೊರಡುತ್ತಿದ್ದೆವು. ಪುಳಿಯೋಗರೆಯ ಡಬ್ಬಿ ದೊಡ್ಡಮ್ಮನ ಮಡಿಲಲ್ಲಿ, ವಾಂತಿ ಮಾಡುವ ನಾನು ಕಿಟಕಿಯ ಪಕ್ಕದಲ್ಲಿ. ಇಳಿದ ಕಡೆಯಲ್ಲೆಲ್ಲ ಅಪ್ಪ ಗಡಿಯಾರ ನೋಡಿ ಇಷ್ಟೇ ನಿಮಿಷ ಎಂದು ಗಡುವು ಕೊಡುತ್ತಿದ್ದರು. ಶಿಲಾಬಾಲಿಕೆಯ ಮುಂದೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಫೋಟೊ ತೆಗೆಯುತ್ತಿದ್ದರು. ಫೋಟೊದಲ್ಲಿ ಶಿಲಾಬಾಲಿಕೆ ದೊಡ್ಡಮ್ಮನ ಹಿಂದೆ ಪೂರಾ ಮರೆ. ಮತ್ತೆ ವ್ಯಾನು ಹತ್ತಿ ಬಾಗಿಲು ಎಳೆದುಕೊಂಡು, "ಸರಿ, ಇದು ಮುಗೀತು" ಎನ್ನುವರು. ಬೇಲೂರು ಮುಗಿಯಿತು, ಹಳೇಬೀಡು ಮುಗಿಯಿತು. ಜೋಗವನ್ನಂತೂ ಮಂಜಿನಲ್ಲಿ ಒಂದು ಹನಿ ನೀರೂ ಕಾಣದೆ ಮುಗಿಸಿದ್ದೇವೆ.

ನಾನು ಅಪ್ಪನ ಮಗಳೇ. ನ್ಯೂಜಿಲೆಂಡಿಗೆ ಬಂದ ಹೊಸದರಲ್ಲಿ ರೊಟೊರುವಾದ ಕುದಿಯುವ ಕೆಸರು, ವೈಟೊಮೊದ ಮಿಣುಕುಹುಳದ ಗವಿ ಎಲ್ಲವನ್ನೂ ಒಂದೇ ವಾರಾಂತ್ಯದಲ್ಲಿ ಮುಗಿಸಿ, ಸೋಮವಾರ ಬೆಳಗ್ಗೆ ಸೊಂಟ ಹಿಡಿದುಕೊಂಡು ಕೆಲಸಕ್ಕೆ ಹೋದವಳು. ನನ್ನ ಗಂಡ ಬಸವರಾಜ ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳುವವರಲ್ಲ. ಧಾರವಾಡದ ಕಡೆಯವರು, ಇಲ್ಲಿ ಹುಲ್ಲಿನ ವಿಜ್ಞಾನಿ. ಯಾವ ಬೆಟ್ಟಕ್ಕೆ ಕರೆದುಕೊಂಡು ಹೋದರೂ ಬಗ್ಗಿ ನೆಲ ನೋಡುತ್ತಾರೆ. ಆ ಹುಲ್ಲನ್ನು ತಿನ್ನುವ ಪ್ರಾಣಿಗಳ ಬಗ್ಗೆ ಅವರಿಗೆ ಏನೇನೂ ಕುತೂಹಲವಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪ್ರಾಣಿಗಳನ್ನು ಬಲ್ಲವರು ಅವರ ತಾಯಿ, ನನ್ನ ಅತ್ತೆ. ಮಾವ ಹೋದಮೇಲೆ ತಮ್ಮ ಎಮ್ಮೆಗಳನ್ನು ತಂಗಿಯ ಮನೆಗೆ ಕಳಿಸಿ, ನಮ್ಮ ಜೊತೆ ಇರಲು ಬಂದರು. ಬಂದ ಮೊದಲ ದಿನವೇ ಲೋಟದ ಹಾಲನ್ನು ಅಲ್ಲಾಡಿಸಿ ನೋಡಿ, "ಇದು ಹಾಲಲ್ಲವ್ವಾ, ಹಾಲಿನ ಪಾತ್ರಿ ತೊಳದ ನೀರು" ಎಂದರು. ಇಡೀ ಜಗತ್ತಿಗೆ ಹಾಲಿನ ಪುಡಿ ಕಳಿಸುವ ದೇಶಕ್ಕೆ ಬಂದು ಹೀಗೆ ಹೇಳುವ ಧೈರ್ಯ ಅವರೊಬ್ಬರಿಗೇ ಇದ್ದದ್ದು. ಮೊಸರೆಂದರೆ ಪಾತ್ರೆ ಬೋರಲು ಹಾಕಿದರೂ ಬೀಳಬಾರದು, ಅದು ಅವರ ಲೆಕ್ಕ. ಇಲ್ಲಿನ ಮೂಲೆ ಅಂಗಡಿಗೆ ಡೇರಿ ಎನ್ನುತ್ತಾರೆಂದು ಹೇಳಿದಾಗ ಆಸೆಯಿಂದ ಸೀರೆ ಸರಿಮಾಡಿಕೊಂಡು ಹೊರಟು, ಅಲ್ಲಿ ಚ್ಯೂಯಿಂಗ್ ಗಮ್ಮು, ಪೇಪರು, ಐಸ್‌ಕ್ರೀಮು ನೋಡಿ ವಾಪಸ್ಸು ಬಂದು, "ಡೇರಿ ಅಂತ ಹೆಸರು, ಒಂದು ಬಾಲ ಸೈತ ಕಾಣಲಿಲ್ಲ" ಎಂದು ನನ್ನ ಮೇಲೆಯೇ ರೇಗಿದರು. ಆದರೂ ದಿನಾ ಬೆಳಗ್ಗೆ ಹಾಲು ತರುವ ಕೆಲಸ ತಮ್ಮದೇ ಎಂದು ಹಿಡಿದುಕೊಂಡರು. ದಾರಿಯಲ್ಲಿ ಸಿಕ್ಕವರಿಗೆಲ್ಲ ಕನ್ನಡದಲ್ಲಿ ಯೋಗಕ್ಷೇಮ ಕೇಳುವರು. ಅವರೂ ಇಂಗ್ಲಿಷಿನಲ್ಲಿ ಉತ್ತರ ಹೇಳುವರು. ಎರಡೂ ಕಡೆಯವರಿಗೆ ಪೂರ್ತಿ ತೃಪ್ತಿ.

ಒಂದು ಚಳಿಗಾಲದ ಬೆಳಗ್ಗೆ, ನಮ್ಮ ಮನೆಯೆದುರಿನ ಕಾರು ಹೋಗುವ ಇಳಿಜಾರಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಅತ್ತೆ ಹಾಲಿನ ಬಾಟಲಿಯ ಸಮೇತ ಜಾರಿ ಬಿದ್ದರು. ತೊಡೆಯ ಮೂಳೆ ಮುರಿಯಿತು. ಆಪರೇಷನ್ನಾಯಿತು, ಮೂಳೆ ಕೂಡಿತು, ಡಾಕ್ಟರು ಎಕ್ಸ್‌ರೇ ತೋರಿಸಿ ಭೇಷ್ ಎಂದರು. ಆದರೆ ಅತ್ತೆ ಏಳಲಿಲ್ಲ. ಮುರಿದದ್ದು ಕೂಡಿದರೂ ಹೆದರಿಕೆ ಕೂತುಬಿಟ್ಟಿತ್ತು. ಮಂಚದಿಂದ ವಾಕರ್ ಹಿಡಿದು ಕಿಟಕಿಯ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ಅಲ್ಲಿಗೆ ಮುಗಿಯಿತು. ಮನೆಗೆ ಬರುತ್ತಿದ್ದ ಫಿಸಿಯೊಥೆರಪಿಯ ಹುಡುಗಿ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು: ಈಗ ನಡೆಯದಿದ್ದರೆ ಕಾಲು ಬಿಗಿದುಕೊಂಡುಬಿಡುತ್ತದೆ, ಆಮೇಲೆ ಇವರು ಬಯಸಿದರೂ ನಡೆಯಲಾಗುವುದಿಲ್ಲ, ಗಾಲಿಕುರ್ಚಿಯೇ ಗತಿ.

ಅತ್ತೆಗೆ ನಾವು ಹೇಳದ ರೀತಿಯಿಲ್ಲ. "ಅತ್ತೆ, ಒಂದ್ ನಾಲ್ಕು ಹೆಜ್ಜೆ ಹಾಕಿ, ನಾನು ಹಿಡ್ಕೊಂಡಿರ್ತೀನಿ" ಎಂದು ನಾನು. "ಅವ್ವಾ, ನಡಿಯವಾ, ಏನೂ ಆಗೂದಿಲ್ಲ" ಎಂದು ಮಗ. ಇಲ್ಲೇ ಹುಟ್ಟಿದ ನಮ್ಮ ಮಗಳು ನಿಧಿಯದು ಇಂಗ್ಲಿಷು: "ಕಮಾನ್ ಅಜ್ಜಿ, ಯು ಕ್ಯಾನ್ ಡೂ ಇಟ್!" ಮೂವರಿಗೂ ಒಂದೇ ಉತ್ತರ: "ಒಲ್ಲೆ." ಕಾರಿನಲ್ಲಿ ಸುತ್ತಾಡಿಸಿದರೆ ಹುರುಪು ಬಂದೀತೆಂದು ಕರೆದುಕೊಂಡು ಹೋದರೆ, ಕೆರೆಯಾಗಲಿ ಹಿಮದ ಬೆಟ್ಟವಾಗಲಿ, "ಕಾರಿನಾಗಿಂದ ಕಾಣ್ತೈತಲ್ಲ, ಸಾಕು" ಎನ್ನುವರು. ಈ ದೇಶದ ದೊಡ್ಡ ದೋಷವೇ ಅದು, ಎಲ್ಲವೂ ಕಾರಿನಿಂದಲೇ ಕಾಣುತ್ತದೆ. ನಾನು ಎಷ್ಟೋ ಸಲ ಪಾತ್ರೆ ತೊಳೆಯುತ್ತ ಅತ್ತಿದ್ದೇನೆ. ಬೀದಿಗೆಲ್ಲ ಕೇಳುವ ಹಾಗೆ ಮಾತಾಡುತ್ತಿದ್ದ ಹೆಂಗಸು ಕಿಟಕಿಯ ಪಕ್ಕ ಹಾಗೆ ಸುಮ್ಮನೆ ಕೂತಿದ್ದನ್ನು ನೋಡಲು ಆಗುತ್ತಿರಲಿಲ್ಲ. ನನಗೆ ಅವರ ಮೇಲೆ ಅಷ್ಟು ಪ್ರೀತಿಯಿದೆ ಎಂದು ಗೊತ್ತಾದದ್ದೇ ಆಗ.

ಹೀಗಿರುವಾಗ ಮರುವರ್ಷ ಬಸವರಾಜರಿಗೆ ಜಪಾನಿನ ಓಕಿನಾವಾದಲ್ಲಿ ಹುಲ್ಲಿನ ಸಮ್ಮೇಳನ ಬಂತು. ನಿಧಿಗೆ ಜುಲೈ ತಿಂಗಳ ಚಳಿಗಾಲದ ರಜೆ. ಅತ್ತೆಯನ್ನು ಬಿಟ್ಟು ಹೋಗುವ ಮಾತಿಲ್ಲ, ಕರೆದುಕೊಂಡು ಹೋಗುವುದೆಂದರೆ ವಿಮಾನ ನಿಲ್ದಾಣದಲ್ಲೆಲ್ಲ ಗಾಲಿಕುರ್ಚಿ. "ಬಿಸಲ ಐತೇನು ಅಲ್ಲೆ?" ಎಂದು ಕೇಳಿದರು. ಹೌದೆಂದೆವು. "ಹಂಗಾದ್ರ ಬರ್ತೀನಿ" ಎಂದರು. ಸಮ್ಮೇಳನ ಮುಗಿದ ಮೇಲೆ ದಕ್ಷಿಣದ ಸಣ್ಣ ದ್ವೀಪಗಳ ಕಡೆಗೆ ಇನ್ನೊಂದು ವಿಮಾನ, ಅಲ್ಲಿಂದ ಒಂದು ದೋಣಿ. ದೋಣಿಯಲ್ಲಿ ಕೂತು ಕಾಫಿ ತಣಿಸಿಕೊಂಡು ಕುಡಿಯುವಷ್ಟರಲ್ಲಿ ತಾಕೆತೋಮಿ ಬಂದುಬಿಟ್ಟಿತು. ನಾನು ಮನಸ್ಸಿನಲ್ಲೇ ಅಪ್ಪನ ಹಾಗೆ ಗಡುವು ಹಾಕಿಕೊಂಡಿದ್ದೆ. ಮೊದಲು ಊರ ನಡುವಿನ ಪುಟ್ಟ ಗೋಪುರ, ಆಮೇಲೆ ಮರಳಿನ ದಂಡೆ, ಆಮೇಲೆ ಸೂರ್ಯ ಮುಳುಗುವುದನ್ನು ನೋಡುವ ಕಟ್ಟೆ. ಕೊನೆಯ ದೋಣಿಗೆ ಸರಿಯಾಗಿ ಎಲ್ಲ ಮುಗಿಯಬೇಕು.

ಮುಗಿಯುವುದಿರಲಿ, ಶುರುವೇ ಆಗಲಿಲ್ಲ. ಆ ಊರಿನ ಓಣಿಗಳಿಗೆ ಟಾರಿಲ್ಲ. ಹವಳ ಪುಡಿಯಾದ ಬೆಳ್ಳಗಿನ ಮರಳು ಹಾಸಿದ್ದಾರೆ. ಬೆಳಗ್ಗೆ ಎದ್ದು ಪ್ರತಿ ಮನೆಯವರೂ ತಮ್ಮ ಮುಂದಿನ ಓಣಿಯನ್ನು ಗುಡಿಸುತ್ತಾರಂತೆ, ಪೊರಕೆಯ ಗೆರೆಗಳು ಹಾಗೇ ಇದ್ದವು. ಎರಡೂ ಬದಿಗೆ ಹವಳದ ಕಲ್ಲಿನ ಮೋಟು ಗೋಡೆ, ಅದರ ಮೇಲೆ ದಾಸವಾಳ, ಕಾಗದದ ಹೂವು. ನೋಡಲು ಎರಡು ಕಣ್ಣು ಸಾಲದು. ಆದರೆ ನಮ್ಮ ಗಾಲಿಕುರ್ಚಿ ಆ ಮರಳಿನಲ್ಲಿ ಮೂರು ಮಾರು ಹೋಗಿ ಹೂತುಕೊಂಡಿತು. ಬಸವರಾಜ ಹಿಂದಿನಿಂದ ತಳ್ಳಿದರು, ನಾನು ಮುಂದಿನಿಂದ ಎಳೆದೆ, ಅತ್ತೆ ನಡುವೆ ಕೂತು, "ಉಸುಕಿನಾಗ ಗಾಲಿ ಹೋಗೂದಿಲ್ಲಂತ ಕೂಸಿಗೂ ಗೊತ್ತಿರ್ತೈತಿ" ಎಂದು ಟೀಕೆ ಮಾಡುತ್ತಿದ್ದರು. ಆಗಲೇ ತಿರುವಿನಿಂದ ಬಂತು ನೋಡಿ, ಪ್ರವಾಸಿಗಳನ್ನು ಊರು ಸುತ್ತಿಸುವ ಗಾಡಿ.

ಗಾಡಿಗೆ ಚಾವಣಿಯಿತ್ತು, ಎರಡು ಬದಿಗೂ ಬೆಂಚು. ಮುಂದೆ ಹುಲ್ಲಿನ ಟೊಪ್ಪಿಗೆಯ ಮುದುಕ, ಅವನ ಕೈಯಲ್ಲಿ ಮೂರು ತಂತಿಯ ಒಂದು ವಾದ್ಯ. ಅವನ ಮುಂದೆ, ನೊಗಕ್ಕೆ ಕಟ್ಟಿಸಿಕೊಂಡು, ಕೊಂಬಿಗೆ ದಾಸವಾಳದ ಹೂವು ಸಿಕ್ಕಿಸಿಕೊಂಡು, ಮಿರಿಮಿರಿ ಮಿಂಚುವ ಕಪ್ಪು ಮೈಯ, ಗಡಿಗೆಯಂಥ ಹೊಟ್ಟೆಯ, ಭಾರೀ ಎಮ್ಮೆ!

ಅತ್ತೆ ಕುರ್ಚಿಯಲ್ಲೇ ನೆಟ್ಟಗಾದರು. "ಯವ್ವಾ, ಎಮ್ಮಿ!" ಎಂದರು. ಊರಿನಿಂದ ಬಂದಮೇಲೆ ಎಮ್ಮೆಯನ್ನು ಅವರು ಕಂಡಿರಲೇ ಇಲ್ಲ. ಅವರ ಮುಖದಲ್ಲಿ ಅಂಥ ನಗೆಯನ್ನು ನೋಡಿ ನಾವೂ ಎಷ್ಟೋ ಕಾಲವಾಗಿತ್ತು. ಬಸವರಾಜ, ಮುದುಕ, ಇನ್ನಿಬ್ಬರು ಜಪಾನಿ ಗಂಡಸರು ಸೇರಿ ಅವರನ್ನು ಎತ್ತಿ ಮುಂದಿನ ಬೆಂಚಿನ ತುದಿಯಲ್ಲಿ ಕೂರಿಸಿದರು. ಗಾಡಿಯಲ್ಲಿ ನಮ್ಮ ಜೊತೆ ನಗುಮುಖದ ಕೆಲವು ಜಪಾನಿ ಹೆಂಗಸರಿದ್ದರು. ಎಮ್ಮೆ ಹೊರಟಿತು. ಓಡುವ ಮಾತೇ ಇಲ್ಲ, ಮದುವೆಮನೆಯಲ್ಲಿ ಉಂಡು ಹೊರಟ ಯಜಮಾನರ ನಡಿಗೆ. ಮುದುಕ ಹಗ್ಗ ಎಳೆಯಲೂ ಇಲ್ಲ, ಹೋ ಎನ್ನಲೂ ಇಲ್ಲ. ವಾದ್ಯ ಮೀಟುತ್ತ ಹಾಡಿಕೊಂಡಿದ್ದ. ಇಕ್ಕಟ್ಟಾದ ತಿರುವುಗಳಲ್ಲಿ ಎಮ್ಮೆ ತಾನೇ ಒಂದು ಹೆಜ್ಜೆ ಆಚೆ ಹೋಗಿ, ಗಾಲಿ ಗೋಡೆಗೆ ತಾಗದ ಹಾಗೆ ಗಾಡಿಯನ್ನು ತಿರುಗಿಸಿಕೊಳ್ಳುತ್ತಿತ್ತು. ನನಗೆ ನಾಚಿಕೆಯಾಯಿತು. ನಾನು ಕಾರು ಹಿಂದಕ್ಕೆ ತೆಗೆಯುವಾಗ ಪಕ್ಕದ ಮನೆಯ ಲೆಟರ್‌ಬಾಕ್ಸನ್ನು ಎರಡು ಸಲ ಕೆಡವಿದ್ದೇನೆ.

ಒಂದು ತಿರುವು ದಾಟಿತು, ಇನ್ನೊಂದು ದಾಟಿತು. ಅತ್ತೆ ಎಮ್ಮೆಯನ್ನೇ ನೋಡುತ್ತಿದ್ದರು. ಆಮೇಲೆ ಓಣಿಯ ಉದ್ದಕ್ಕೂ ನೋಡಿದರು. ಇದ್ದಕ್ಕಿದ್ದ ಹಾಗೆ ಗಾಡಿಯ ಕಂಬ ಹಿಡಿದುಕೊಂಡು, "ನಿಂದರಸ್ರಿ!" ಎಂದು ಕೂಗಿದರು.

"ಏನಾತವ್ವಾ?" ಬಸವರಾಜ ಗಾಬರಿಯಾದರು.

"ಎಮ್ಮಿ ಗಬ್ಬ ಐತೋ ಬಸೂ! ಹೊಟ್ಟಿ ನೋಡು. ದಿನಾ ತುಂಬ್ಯಾವು. ಇಂಥಾದರ ಕೈಲೆ ಗಾಡಿ ಎಳಸ್ತಾರಾ? ನನ್ನ ಇಳಸು."

"ಅವ್ವಾ, ಅವರ ಎಮ್ಮಿ, ಅವರಿಗೆ ಗೊತ್ತಿರೂದಿಲ್ಲೇನು? ಸುಮ್ನ ಕೂಡು."

"ಬಸರ್ಯಾದ ಎಮ್ಮಿ ಎಳಿಯೂ ಗಾಡ್ಯಾಗ ಕುಂದರೂದು ನಮ್ಮ ಮನೆತನದಾಗ ಇಲ್ಲ. ಇಳಸ್ತೀಯೋ ಜಿಗೀಲೋ?"

ಮುದುಕ ಗಾಡಿ ನಿಲ್ಲಿಸಿ ತಿರುಗಿ ನೋಡಿದ. ಅವನಿಗೆ ವಿಷಯ ತಿಳಿಸುವ ಹೊಣೆ ನನ್ನ ಮೇಲೆ ಬಿತ್ತು. ನನಗೆ ಜಪಾನಿ ಬಾರದು, ಅವನಿಗೆ ಇಂಗ್ಲಿಷ್ ಬಾರದು. ನಾನು ಎಮ್ಮೆಯ ಕಡೆಗೆ ಬೆರಳು ತೋರಿಸಿ, ಆಮೇಲೆ ನನ್ನ ಹೊಟ್ಟೆಯ ಮುಂದೆ ಕೈಯಿಂದ ದೊಡ್ಡದಾಗಿ ಒಂದು ಗುಂಡು ಬಿಡಿಸಿ, ತೋಳಿನಲ್ಲಿ ಮಗುವನ್ನು ತೂಗುವ ಹಾಗೆ ಮಾಡಿ ತೋರಿಸಿದೆ. ಆ ಜಪಾನಿ ಹೆಂಗಸರೆಲ್ಲ ಓಹೋ ಎಂದು ಉದ್ಗಾರ ತೆಗೆದು ಚಪ್ಪಾಳೆ ತಟ್ಟಿದರು. ಒಬ್ಬಾಕೆ ತನ್ನ ಮೆತ್ತೆಯನ್ನು ನನ್ನ ಬೆನ್ನಿಗೆ ಇಟ್ಟಳು, ಇನ್ನೊಬ್ಬಾಕೆ ಬೀಸಣಿಗೆಯಿಂದ ಗಾಳಿ ಹಾಕತೊಡಗಿದಳು. ಮುದುಕ ಟೊಪ್ಪಿಗೆ ತೆಗೆದು ಬಸವರಾಜರಿಗೆ ತಲೆಬಾಗಿ ಅಭಿನಂದನೆ ಸಲ್ಲಿಸಿದ. ಎಮ್ಮೆ ಬಸುರಿಯೆಂದು ಹೇಳಹೋಗಿ ನಲವತ್ತು ದಾಟಿದ ನಾನೇ ಬಸುರಿಯಾಗಿದ್ದೆ. ನಿಧಿ ಮುಖ ಮುಚ್ಚಿಕೊಂಡು, "ಅಮ್ಮಾ, ಪ್ಲೀಸ್ ಸ್ಟಾಪ್" ಎಂದು ಗೋಗರೆಯುತ್ತಿದ್ದಳು.

ಈ ಗಲಾಟೆಯಲ್ಲಿ ಅತ್ತೆಯನ್ನು ಯಾರೂ ನೋಡಲಿಲ್ಲ. ನಾನು ಬೀಸಣಿಗೆಯ ಗಾಳಿಯಿಂದ ತಪ್ಪಿಸಿಕೊಂಡು ತಿರುಗಿದಾಗ ಬೆಂಚಿನ ತುದಿ ಖಾಲಿಯಾಗಿತ್ತು. ಅತ್ತೆ ಗಾಡಿಯ ಮೆಟ್ಟಿಲು ಇಳಿದು, ಚಪ್ಪಲಿಯನ್ನು ಗಾಡಿಯಲ್ಲೇ ಬಿಟ್ಟು, ಬರಿಗಾಲಿನಲ್ಲಿ ಮರಳಿನ ಮೇಲೆ ನಿಂತಿದ್ದರು. ಒಂದು ಕೈ ಎಮ್ಮೆಯ ಬೆನ್ನ ಮೇಲೆ. ವಾಕರ್ ಇಲ್ಲ, ಯಾರ ಆಸರೆಯೂ ಇಲ್ಲ.

ನಾನು ಬಾಯಿ ತೆರೆದೆ. ಬಸವರಾಜ ನನ್ನ ಮೊಣಕೈ ಹಿಡಿದು, "ಮಾತಾಡಬ್ಯಾಡ" ಎಂದರು. ಮುದುಕನಿಗೆ ಏನು ಅರ್ಥವಾಯಿತೋ, ನಾಲಿಗೆಯಿಂದ ಟಕ್ಕೆಂದು ಸದ್ದು ಮಾಡಿದ. ಎಮ್ಮೆ ಒಂದು ಹೆಜ್ಜೆ ಇಟ್ಟಿತು. ಅತ್ತೆ ಒಂದು ಹೆಜ್ಜೆ ಇಟ್ಟರು. ಅದು ಇನ್ನೊಂದು ಇಟ್ಟಿತು, ಇವರೂ ಇಟ್ಟರು. ಮುದುಕ ಮತ್ತೆ ಹಾಡತೊಡಗಿದ. ಅತ್ತೆ ಅದರ ಬೆನ್ನು ಸವರುತ್ತ, "ಸಾವಕಾಶ ನಡಿಯವಾ, ಅವಸರ ಏನೈತಿ, ನಾ ಅದೀನಿ" ಎಂದು ಅದಕ್ಕೆ ಹೇಳುತ್ತಿದ್ದರು. ಮನೆಯಲ್ಲಿ ನಾವು ಅವರಿಗೆ ಹೇಳಿ ಹೇಳಿ ಸೋತ ಮಾತುಗಳನ್ನೇ ಅವರು ಎಮ್ಮೆಗೆ ಹೇಳುತ್ತಿದ್ದರು. ನನ್ನ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಪಕ್ಕದ ಜಪಾನಿ ಹೆಂಗಸು, ಬಸುರಿಯರಿಗೆ ಇದೆಲ್ಲ ಸಹಜ ಎನ್ನುವ ಹಾಗೆ ನನ್ನ ಕೈ ತಟ್ಟಿ ಕರವಸ್ತ್ರ ಕೊಟ್ಟಳು. ಹೀಗೆ ಅತ್ತೆ ನಡೆದರು, ಕೆಂಪು ಹೆಂಚಿನ ಮನೆಗಳನ್ನು ದಾಟಿ, ಮಣ್ಣಿನ ಸಿಂಹಗಳನ್ನು ದಾಟಿ, ಗಾಡಿ ನಿಲ್ಲುವ ಚಪ್ಪರದವರೆಗೂ.

ಅತ್ತೆಯನ್ನು ನೆರಳಿನ ಬೆಂಚಿನ ಮೇಲೆ ಕೂರಿಸಿ ತಣ್ಣಗಿನ ಚಹಾ ಕೊಟ್ಟರು. ಮುದುಕ ನೊಗ ಬಿಚ್ಚಿ, ಎಮ್ಮೆಯನ್ನು ಚಪ್ಪರದ ಹಿಂದಕ್ಕೆ ಹೊಡೆದುಕೊಂಡು ಹೋಗಿ ಪೈಪಿನಿಂದ ನೀರು ಬಿಡತೊಡಗಿದ. ನಾವು ಮೂವರೂ ಧನ್ಯವಾದ ಹೇಳಲು ಅವನ ಹಿಂದೆ ಹೋದೆವು. ಎಮ್ಮೆ ನಮಗೆ ಬೆನ್ನು ಮಾಡಿ ನಿಂತಿತ್ತು. ಮೊದಲು ಬಾಯಿಬಿಟ್ಟವಳು ನಿಧಿ.

"ಅಮ್ಮಾ, ದಟ್ಸ್ ಎ ಬಾಯ್."

ನೋಡಿದೆವು. ಅನುಮಾನಕ್ಕೆ ಎಡೆಯೇ ಇರಲಿಲ್ಲ. ಅದು ಕೋಣ. ಚೆನ್ನಾಗಿ ತಿಂದು ಹೊಟ್ಟೆ ಬೆಳೆಸಿಕೊಂಡ, ಯಾವ ಜನ್ಮದಲ್ಲೂ ಗಬ್ಬವಾಗಲು ಸಾಧ್ಯವಿಲ್ಲದ ಕೋಣ.

"ನಿಮಗೆ ಗೊತ್ತಾಗ್ಲಿಲ್ವಾ?" ಎಂದು ಗಂಡನನ್ನು ಹಿಡಿದುಕೊಂಡೆ. "ಎಂಥ ವಿಜ್ಞಾನಿ ರೀ ನೀವು!"

"ನಾ ಹುಲ್ಲಿನಾಂವ" ಎಂದರು ಬಸವರಾಜ, ತಲೆ ಕೆರೆದುಕೊಳ್ಳುತ್ತ. ಆಮೇಲೆ ಧ್ವನಿ ತಗ್ಗಿಸಿ, "ಅವ್ವಗ ಹೇಳಬ್ಯಾಡ್ರಿ. ಕೋಣಕ್ಕಾಗಿ ನಡದೆ ಅಂತ ಗೊತ್ತಾದ್ರ ಸಿಟ್ಟಿಗೆದ್ದು ವಾಪಸ್ ಕುರ್ಚಿ ಏರ್ತಾಳ. ಆಮ್ಯಾಲೆ ದೇವರು ಬಂದ್ರೂ ಇಳಿಯೂದಿಲ್ಲ" ಎಂದರು. ಅದು ನಿಜವಾಗಿತ್ತು. ನಿಧಿಯ ಬಾಯಿ ಮುಚ್ಚಿಸಲು ಕಪ್ಪು ಬೆಲ್ಲದ ಪಾಕ ಹಾಕಿದ ಒಂದು ಬಟ್ಟಲು ತುಂಬ ಐಸಿನ ಹುಡಿ ಕೊಡಿಸಬೇಕಾಯಿತು.

ಅವತ್ತು ಅತ್ತೆ ಮತ್ತೆ ಗಾಲಿಕುರ್ಚಿ ಮುಟ್ಟಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, ಚಪ್ಪರದ ಮುಂದಿನ ಸಗಣಿ ತುಳಿದುಕೊಂಡೇ ಹೊರಟರು. ಬಸ್ಸಿನಲ್ಲಿ ಮರಳಿನ ದಂಡೆಗೆ ಹೋಗಿ, ನನ್ನ ತೋಳು ಹಿಡಿದು ನೀರಿನ ಅಂಚಿನವರೆಗೂ ನಡೆದರು. ಅಲ್ಲಿ ನಕ್ಷತ್ರ ಹುಡುಕುವ ಕ್ರಮವೆಂದರೆ ಅಂಗೈಯನ್ನು ಮರಳಿಗೆ ಒತ್ತಿ, ಎತ್ತಿ ನೋಡುವುದು. ತೆಗೆದುಕೊಂಡು ಹೋಗುವ ಹಾಗಿಲ್ಲ, ನೋಡಿ ಅಲ್ಲೇ ಕೊಡವಬೇಕು. ಅತ್ತೆ ಕಾಲು ಚಾಚಿ ಕೂತು, ಒತ್ತುವುದು, ಕನ್ನಡಕ ಏರಿಸಿ ನೋಡುವುದು, ಕೊಡವುವುದು, ಮತ್ತೆ ಒತ್ತುವುದು. "ದೇವರಿಗೆ ಕೆಲಸ ಇಲ್ಲದ ದಿವಸ ಇದನ್ನ ಮಾಡ್ಯಾನ ನೋಡು" ಎಂದು ನಿಧಿಗೆ ತೋರಿಸಿದರು. ಅಜ್ಜಿ ಮೊಮ್ಮಗಳು ಅಲ್ಲಿಂದ ಏಳಲೇ ಇಲ್ಲ. ನನ್ನ ಗೋಪುರ ಹೋಯಿತು, ಸೂರ್ಯಾಸ್ತದ ಕಟ್ಟೆ ಹೋಯಿತು. ದೋಣಿ ಹತ್ತುವ ಮುಂಚೆ ಅಂಗಡಿಯಲ್ಲಿ ಈ ಸೀಸೆ ಕೊಂಡಿದ್ದಷ್ಟೇ. ನನ್ನ ಜೀವನದಲ್ಲಿ ನಾನು ಮುಗಿಸದೆ ಬಂದ ಮೊದಲ ಊರು ತಾಕೆತೋಮಿ, ಮತ್ತು ಚೆನ್ನಾಗಿ ನೆನಪಿರುವ ಊರೂ ಅದೊಂದೇ.

ಆಕ್ಲೆಂಡಿನಲ್ಲಿ ಇಳಿದಾಗ ಇನ್ನೊಂದು ತಮಾಷೆ. ಈ ದೇಶದೊಳಕ್ಕೆ ಹೊರಗಿನ ಮಣ್ಣು, ಬೀಜ, ಸಗಣಿ ಏನೂ ಬರುವ ಹಾಗಿಲ್ಲವಲ್ಲ. ನಮ್ಮಲ್ಲಿ ಮರಳಿದೆ, ಚಪ್ಪಲಿಗೆ ಎಮ್ಮೆಯ ಸಗಣಿ ಮೆತ್ತಿದೆ ಎಂದು ನಾವೇ ಮುಂದಾಗಿ ಹೇಳಿದೆವು. ಅಧಿಕಾರಿ ಸೀಸೆಯನ್ನು ತಿರುಗಿಸಿ ನೋಡಿ ವಾಪಸ್ಸು ಕೊಟ್ಟ. ಅತ್ತೆಯ ಚಪ್ಪಲಿಯನ್ನು ಒಳಗೆ ಒಯ್ದು, ಉಜ್ಜಿ ತೊಳೆದು, ಒರೆಸಿ, ಎರಡು ಕೈಯಲ್ಲಿ ತಂದು ಅವರ ಮುಂದಿಟ್ಟ. "ನನ್ನ ಸ್ವಂತ ಮಗಾ ಒಂದು ದಿನಾ ತೊಳದಿಲ್ಲ. ಸರಕಾರ ತೊಳದು ಕೊಟ್ಟಿತು" ಎಂದು ಅತ್ತೆ ಅವನ ಗಲ್ಲ ನೀವಿ ದೃಷ್ಟಿ ತೆಗೆದರು. ಆ ತೊಳೆದ ಚಪ್ಪಲಿ ಮೆಟ್ಟಿ ನಡೆದೇ ಹೊರಗೆ ಬಂದರು.

ಆಮೇಲೆ ಅವರನ್ನು ಹಿಡಿಯುವವರಿಲ್ಲ. ಮೊದಲು ಗೇಟಿನವರೆಗೆ, ಆಮೇಲೆ ತಿರುವಿನವರೆಗೆ, ವಸಂತ ಬರುವಷ್ಟರಲ್ಲಿ ಡೇರಿಯವರೆಗೆ. ಫಿಸಿಯೊಥೆರಪಿಯ ಹುಡುಗಿ ತನ್ನ ವ್ಯಾಯಾಮದ ಫಲವೆಂದುಕೊಂಡು ಖುಷಿಪಟ್ಟಳು, ನಾವು ಹೂಂ ಎಂದೆವು. ಯುಗಾದಿಗೆ ಕನ್ನಡದವರೆಲ್ಲ ಸೇರಿದಾಗ ಅತ್ತೆಯ ಸುತ್ತ ಒಂದು ಗುಂಪು. ಗಬ್ಬದ ಎಮ್ಮೆಯನ್ನು ಕಾಪಾಡಿದ ಕಥೆ ವರ್ಷದಿಂದ ವರ್ಷಕ್ಕೆ ಬೆಳೆಯಿತು. ಒಂದು ಯುಗಾದಿಗೆ ಎಮ್ಮೆ ಕಣ್ಣೀರು ಹಾಕಿತ್ತು. ಮುಂದಿನ ಯುಗಾದಿಗೆ ಕರು ಹಾಕಿಬಿಟ್ಟಿತು, ಅದೂ ಹೆಣ್ಣು ಕರು. ನಾನೂ ಬಸವರಾಜರೂ ಪರಸ್ಪರ ಮುಖ ನೋಡಿಕೊಳ್ಳದೆ ಕೋಸಂಬರಿ ಬಡಿಸುತ್ತಿದ್ದೆವು. ಮನೆಯ ಗೋಡೆಗೆ ಅತ್ತೆ ಮತ್ತು ಎಮ್ಮೆಯ ಫೋಟೊ ಹಾಕಬೇಕೆಂದಾಗ, ಬಸವರಾಜ ಕಂಪ್ಯೂಟರಿನಲ್ಲಿ ಅದನ್ನು ಕತ್ತರಿಸಿ, ಅತ್ತೆಯ ಪಕ್ಕ ಎಮ್ಮೆಯ ತಲೆ ಮತ್ತು ಕೊಂಬಿನ ಹೂವು ಮಾತ್ರ ಉಳಿಸಿ ಅಚ್ಚು ಹಾಕಿಸಿದ್ದರು.

ಮೊನ್ನೆ ಜುಲೈಯಲ್ಲಿ ಅತ್ತೆಯ ಹುಟ್ಟುಹಬ್ಬ. ಅವರು ಹುಟ್ಟಿದ ದಿನ ಯಾರಿಗೂ ಸರಿಯಾಗಿ ಗೊತ್ತಿಲ್ಲ, ನಿಧಿಯೇ ಒಂದು ದಿನ ಗೊತ್ತುಮಾಡಿದ್ದಾಳೆ. ಬೆಳಗ್ಗೆ ತಿಂಡಿಯ ಹೊತ್ತಿಗೆ ಅವಳು ದೊಡ್ಡದೊಂದು ಉಡುಗೊರೆ ತಂದು ಅಜ್ಜಿಯ ಮುಂದಿಟ್ಟಳು. ಅತ್ತೆ ಕಾಗದ ಬಿಚ್ಚಿದರು. ಒಳಗೆ ಚೌಕಟ್ಟು ಹಾಕಿಸಿದ ಫೋಟೊ. ತಾಕೆತೋಮಿಯದೇ, ಆದರೆ ಕತ್ತರಿಸಿದ್ದಲ್ಲ, ಪೂರ್ತಿ. ಎಮ್ಮೆಯೆನಿಸಿಕೊಂಡಿದ್ದ ಪ್ರಾಣಿ ಅಡ್ಡಲಾಗಿ ನಿಂತಿದೆ, ತಲೆಯಿಂದ ಬಾಲದವರೆಗೆ ಎಲ್ಲವೂ ಸ್ಪಷ್ಟ. ಐಸಿನ ಹುಡಿ ತಿಂದು ಕೊಟ್ಟ ಮಾತನ್ನು ನಿಧಿ ಮರೆತೇಬಿಟ್ಟಿದ್ದಳು. ಬಸವರಾಜರ ಕೈಯ ದೋಸೆಯ ತುಂಡು ಬಾಯಿಗೂ ತಟ್ಟೆಗೂ ನಡುವೆ ನಿಂತಿತು. ನನಗೆ ಆ ಹಳೆಯ ಕಿಟಕಿಯ ಕುರ್ಚಿ ಕಣ್ಣ ಮುಂದೆ ಬಂತು.

ಅತ್ತೆ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ದಾಸಾಳ ಹೂವ ಛೊಲೊ ಬಂದೈತಿ" ಎಂದರು.

"ಅತ್ತೆ... ಅದು..." ಎಂದೆ.

"ಕೋಣ" ಎಂದರು ಅತ್ತೆ. "ಏನೀಗ? ಮದಿವಿ ಆದಾಗಿಂದ ಹಾಲು ಹಿಂಡಿದಾಕಿ ನಾ. ಎಮ್ಮಿ ಯಾವುದು, ಕೋಣ ಯಾವುದು ತಿಳಿಯೂದಿಲ್ಲೇನು ನನಗ?"

"ಮತ್ತೆ ಅವತ್ತು ಗಬ್ಬದ ಎಮ್ಮೆ ಅಂದ್ರಲ್ಲ?"

"ಕೋಣ ಗಬ್ಬ ಐತಿ ಅಂದಿದ್ರ ನೀವು ಗಾಡಿ ನಿಂದರಸ್ತಿದ್ರೇನು?"

ಅತ್ತೆ ಫೋಟೊದ ಮೇಲಿನ ಧೂಳನ್ನು, ಇಲ್ಲದ ಧೂಳನ್ನು, ಸೆರಗಿನಿಂದ ಒರೆಸಿದರು. "ಆ ಓಣಿ ನೋಡಿದೆ. ಎಷ್ಟು ಚಂದ ಗುಡಿಸಿದ್ರು ಮುಂಜಾನೆ. ಮೆತ್ತಗಿನ ಉಸುಕು, ಬಿದ್ರೂ ಏನಾಗೂದಿಲ್ಲ ಅನಿಸ್ತು. ನಡೀಬೇಕು ಅನಿಸ್ತು. ಆದರ ಅಷ್ಟು ದಿನಾ ಡಾಕ್ಟರಗ ಒಲ್ಲೆ, ಆ ಹುಡಿಗಿಗೆ ಒಲ್ಲೆ, ನಿಮಗ ಒಲ್ಲೆ ಅಂದಾಕಿ, ಹಂಗ ಸುಮ್ನ ಇಳದು ನಡದ್ರ ನನ್ನ ಮಾರಿ ಎಲ್ಲೆ ಇಟ್ಟುಕೊಳ್ಳಲಿ? ಏನಾರ ಒಂದು ನೆಪಾ ಬೇಕಿತ್ತು. ಪಾಪ, ಕೋಣ ಬೇಸರ ಮಾಡಿಕೊಳ್ಳಲಿಲ್ಲ."

"ನಾವು ಇಷ್ಟು ವರ್ಷ ನಿಮ್ಮಿಂದ ಮುಚ್ಚಿಟ್ಟಿದ್ದು..." ನನಗೆ ನಗು, ಅಳು ಎರಡೂ ಬರುತ್ತಿದ್ದವು.

"ಗೊತ್ತಿತ್ತು. ತಲಿ ಅಷ್ಟ ಕತ್ತರಿಸಿ ಗ್ವಾಡಿಗೆ ಹಾಕಿದ್ನಲ್ಲ ನಿನ್ನ ಗಂಡ, ಆವಾಗ ಒಳಗ ಹೋಗಿ ನಕ್ಕೇನಿ. ಗಂಡ ಹೆಂಡತಿ ಕೂಡಿ ಒಂದು ಗುಟ್ಟು ಕಾಪಾಡಾಕತ್ತೀರಿ, ನಾ ಯಾಕ ಕೆಡಸ್ಲಿ?" ಎಂದು ಎದ್ದರು. ಫ್ರಿಜ್ಜು ತೆಗೆದು ಬಾಟಲಿ ಅಲ್ಲಾಡಿಸಿದರು. "ಹಾಲು ಮುಗದೈತಿ. ತರ್ತೀನಿ."

ನಾನು ಕಿಟಕಿಯಿಂದ ನೋಡಿದೆ. ಹೊರಗೆ ಅದೇ ಇಳಿಜಾರು, ಅದರ ಮೇಲೆ ಅದೇ ಹೆಪ್ಪುಗಟ್ಟಿದ ಇಬ್ಬನಿ. "ತಡೀರಿ ಅತ್ತೆ, ನಾನೂ ಬರ್ತೀನಿ, ಜಾರುತ್ತೆ" ಎಂದು ಜಾಕೆಟ್ಟು ಹುಡುಕಲು ಓಡಿದೆ. ಒಂದು ತೋಳು ತೂರಿಸಿಕೊಂಡು ಬಾಗಿಲಿಗೆ ಬಂದಾಗ ಅತ್ತೆ ಇಳಿಜಾರನ್ನು ಬಿಟ್ಟು, ಬದಿಯ ಹುಲ್ಲಿನ ಮೇಲೆ ಹೆಜ್ಜೆಯಿಟ್ಟು ಆಗಲೇ ಗೇಟು ದಾಟಿದ್ದರು. ತಿರುಗಿ ನೋಡಿ ಕೈ ಬೀಸಿ ಕರೆದರು.

"ಸಾವಕಾಶ ಬಾರವಾ" ಎಂದರು, "ಅವಸರ ಏನೈತಿ, ನಾ ಅದೀನಿ."